‘ಇದ್ದ ಹಾಗೆ’ ಮಾರುವ ಮನೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಕಳೆದ ತಿಂಗಳು ಅಡಿಕೆ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದು ಪೇಟೆಯ ಒಂದು ಮನೆಯ ಬಗ್ಗೆ ಬ್ಯಾಂಕಿನವರು ಕೊಟ್ಟ ಹರಾಜು ನೋಟೀಸು. ಸಾಲ ಸುಸ್ತಿಯಾದ ಮನೆ. ಕನಿಷ್ಠ ಬೆಲೆ 32 ಲಕ್ಷ ರೂಪಾಯಿ.

“ಸೆಕ್ರೆಟ್ರಿಗಳೇ, ನನ್ನ ಠೇವಣಿ ಎಷ್ಟಿದೆ ನೋಡಿ. ಎಲ್ಲಾ ತೆಗೀಬೇಕು. ಆ ಬೀದೀಲಿ ಇಂಥಾ ಮನೆಗೆ 38 ಲಕ್ಷ ನಡೀತಾ ಇದೆ. ಮಗಳ ಕಾಲೇಜಿಗೂ ಹತ್ರ” ಎಂದರು.

ನೋಟೀಸಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ಸಾಲಿತ್ತು. “ಇದೇನು ಗೌಡ್ರೇ?” ಎಂದು ಬೆರಳಿಟ್ಟು ತೋರಿಸಿದೆ.

“ಅದು ಎಲ್ಲಾ ನೋಟೀಸಲ್ಲೂ ಇರ್ತದೆ. ಸುಮ್ನೆ ಬರೆಯೋದು.”

ಸುಮ್ಮನೆ ಬರೆಯುವುದಲ್ಲ. ನೋಟೀಸಿನಲ್ಲಿ ಕೊಳ್ಳುವವನ ಜೇಬಿಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧಪಟ್ಟ ಸಾಲು ಅದೇ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಪೇಟೆಯಲ್ಲಿ ಮನೆ ಕೊಳ್ಳುವ ಸದಸ್ಯರು ಈಗ ಹೆಚ್ಚುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮಾತಿನ ಅರ್ಥ

‘ಎಲ್ಲಿದೆಯೋ ಅಲ್ಲಿ’ ಎಂದರೆ ಮನೆ ಇರುವ ಜಾಗ, ಅದರ ಗಡಿ, ಅಲ್ಲಿಗೆ ಹೋಗುವ ದಾರಿ ಇವೆಲ್ಲ ಈಗ ಹೇಗಿವೆಯೋ ಹಾಗೆಯೇ ನಿಮ್ಮ ಪಾಲಿಗೆ ಬರುತ್ತವೆ. ‘ಹೇಗಿದೆಯೋ ಹಾಗೆ’ ಎಂದರೆ ಗೋಡೆ ಬಿರುಕು ಬಿಟ್ಟಿರಲಿ, ಮಾಡು ಸೋರುತ್ತಿರಲಿ, ಮಾರುವವನು ದುರಸ್ತಿ ಮಾಡಿಕೊಡುವುದಿಲ್ಲ. ‘ಏನಿದೆಯೋ ಅದು’ ಎಂದರೆ ಆ ಆಸ್ತಿಯ ಮೇಲಿರುವ ಬಾಕಿ, ಬಾಡಿಗೆದಾರ, ವ್ಯಾಜ್ಯ ಎಲ್ಲವೂ ಅದರ ಜೊತೆಗೇ ಬರುತ್ತವೆ.

ನಮಗೆ ಇದು ಹೊಸ ವ್ಯವಹಾರವೇನಲ್ಲ. ಅಡಿಕೆ ಫಸಲನ್ನು ಮರದ ಮೇಲೆ ಇರುವಾಗಲೇ ಚೇಣಿಗೆ ಕೊಡುತ್ತೇವೆ. ಚೇಣಿದಾರ ಏನು ಮಾಡುತ್ತಾನೆ? ತೋಟದ ಮೂಲೆ ಮೂಲೆ ಸುತ್ತುತ್ತಾನೆ, ಗೊನೆ ಎಣಿಸುತ್ತಾನೆ, ಹೋದ ವರ್ಷ ಕೊಳೆ ಬಂದ ಜಾಗ ಯಾವುದೆಂದು ಆಳುಗಳನ್ನು ಕೇಳುತ್ತಾನೆ. ಆಮೇಲೆ ದರ ಹೇಳುತ್ತಾನೆ. ಶ್ರಾವಣದಲ್ಲಿ ಕೊಳೆ ಬಂತೆಂದು ಅವನು ಹಣ ವಾಪಸು ಕೇಳಲು ಬಂದರೆ ನಾವು ಕೊಡುತ್ತೇವೆಯೇ? ಅವನು ನಮ್ಮ ತೋಟ ನೋಡಿದ ಹಾಗೆ ನಾವು ಮನೆಯನ್ನು ನೋಡಬೇಕು. ಆದರೆ ಹದಿನೈದು ಸಾವಿರದ ದನ ಕೊಳ್ಳುವಾಗ ಹಲ್ಲು ಹಿಡಿದು ನೋಡುವ ನಾವೇ ಮೂವತ್ತು ಲಕ್ಷದ ಮನೆಯನ್ನು ಜಗುಲಿಯ ಮೇಲೆ ಕುಳಿತು ಕಾಫಿ ಕುಡಿದು ಒಪ್ಪಿಬಿಡುತ್ತೇವೆ.

ನನ್ನ ಅನುಭವ

ಇದನ್ನು ಬರೆಯುವ ನಾನೂ ಹೀಗೆ ಒಪ್ಪಿದವನೇ. 2011ರ ಮಾರ್ಚಿಯಲ್ಲಿ ಮಗನ ಓದಿಗೆಂದು ಪೇಟೆಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು 9 ಲಕ್ಷ ರೂಪಾಯಿಗೆ ಕೊಂಡೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಮಾಡಿನ ಪಕಾಸುಗಳಿಗೆ ಕಪ್ಪು ಬಣ್ಣ ಹೊಡೆದು ಮಿರಮಿರ ಮಿಂಚುತ್ತಿದ್ದವು. ಕರಾರುಪತ್ರದಲ್ಲಿ ‘ಸ್ವತ್ತನ್ನು ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿರುತ್ತೇನೆ’ ಎಂಬ ಸಾಲಿಗೆ ನಗುನಗುತ್ತಲೇ ರುಜು ಹಾಕಿದೆ.

ಜೂನ್ ಮೂರನೇ ವಾರ ಹಿಂದಿನ ಕೋಣೆಯ ನೆಲದಿಂದಲೇ ನೀರು ಜಿನುಗತೊಡಗಿತು. ಮನೆಯ ಹಿಂದೆ ದಿಬ್ಬದ ನೀರು ಹರಿಯುತ್ತಿದ್ದ ಹಳೆಯ ಚರಂಡಿಯನ್ನು ಯಾರೋ ಎಂದೋ ಮುಚ್ಚಿದ್ದರು. ಬಡಗಿಯನ್ನು ಕರೆಸಿದರೆ ಅವರು ಪಕಾಸಿಗೆ ಉಳಿ ಊರಿದರು; ಅದು ಹಿಡಿಯವರೆಗೆ ಒಳಗೆ ಹೋಯಿತು. ಕಪ್ಪು ಬಣ್ಣದ ಕೆಳಗೆ ಮರವೇ ಇರಲಿಲ್ಲ, ಗೆದ್ದಲು ಮಣ್ಣಿತ್ತು. ಎಲ್ಲ ಸೇರಿ ಹತ್ತಿರ ಹತ್ತಿರ 2 ಲಕ್ಷ ರೂಪಾಯಿ ಖರ್ಚು ಬಿತ್ತು. ಮನೆಯ ಬೆಲೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು.

ವಕೀಲರ ಬಳಿ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೊಳ್ಳೋ ಮೊದಲು ಆ ಉಳಿಯನ್ನು ಊರಿ ನೋಡಿದ್ರಾ?” ಬಡಗಿ ಇನ್ನೂ ಸರಳವಾಗಿ ಹೇಳಿದರು: “ಮಾರ್ಚಿಯಲ್ಲೇ ನನ್ನ ಕರ್ಕೊಂಡು ಹೋಗಿದ್ರೆ ಒಂದು ದಿನದ ಕೂಲೀಲಿ ಮುಗೀತಿತ್ತು ಅಯ್ಯಾ.”

ಕಾನೂನು ಏನು ಹೇಳುತ್ತದೆ

ವಕೀಲರು ವಿವರಿಸಿದ್ದು 1882ರ ಸ್ವತ್ತು ಹಸ್ತಾಂತರ ಕಾಯಿದೆಯ 55ನೇ ಕಲಮು. ಅದರ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮಾರುವವನು ತನಗೆ ತಿಳಿದಿರುವ ಮುಖ್ಯ ದೋಷಗಳನ್ನು ಹೇಳಲೇಬೇಕು. ಆದರೆ ಎಲ್ಲ ದೋಷಗಳನ್ನೂ ಅಲ್ಲ. ಕೊಳ್ಳುವವನಿಗೆ ತಿಳಿಯದ ಮತ್ತು ಅವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಕೊಳ್ಳಲಾಗದ ದೋಷಗಳನ್ನು ಮಾತ್ರ. ಕಣ್ಣಿಗೆ ಕಾಣುವ ಬಿರುಕು, ಉಳಿ ಊರಿದರೆ ತಿಳಿಯುವ ಗೆದ್ದಲು, ಹಿತ್ತಲಿಗೆ ಹೋದರೆ ಕಾಣುವ ಚರಂಡಿ ಇವುಗಳ ಹೊಣೆ ಕೊಳ್ಳುವವನದೇ. ‘ಇದ್ದ ಹಾಗೆ’ ಎಂಬ ಸಾಲು ಈ ಹೊಣೆಯನ್ನು ಇನ್ನಷ್ಟು ಗಟ್ಟಿಯಾಗಿ ನಮ್ಮ ಹೆಗಲಿಗೆ ಕಟ್ಟುತ್ತದೆ.

ಹಾಗೆಂದು ಈ ಸಾಲು ಮಾರುವವನಿಗೆ ಸುಳ್ಳು ಹೇಳುವ ಪರವಾನಗಿಯಲ್ಲ. ಗೊತ್ತಿದ್ದೂ ದೋಷವನ್ನು ಮರೆಮಾಚುವುದು, ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವುದು 1872ರ ಕರಾರು ಕಾಯಿದೆಯಂತೆ ವಂಚನೆಯಾಗುತ್ತದೆ. ಆದುದರಿಂದ ಪ್ರಶ್ನೆ ಕೇಳುವುದು, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಬಹಳ ಮುಖ್ಯ. ‘ಮಳೆಗಾಲದಲ್ಲಿ ಒಳಗೆ ನೀರು ಬರುತ್ತದೆಯೇ?’ ಎಂದು ನಾನು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಸುಳ್ಳು ಉತ್ತರವೂ ಇಲ್ಲ, ಪರಿಹಾರವೂ ಇಲ್ಲ.

ಹರಾಜಿನ ಮನೆಯ ವಿಚಾರ

ಖಾಸಗಿ ಮಾರಾಟಕ್ಕಿಂತ ಬ್ಯಾಂಕ್ ಹರಾಜಿನಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬ್ಯಾಂಕು ಆ ಮನೆಯಲ್ಲಿ ವಾಸವಿದ್ದ ಮಾಲೀಕನಲ್ಲ. ಅಡವು ಹಿಡಿದು 2002ರ ಸರ್ಫೇಸಿ ಕಾಯಿದೆಯಂತೆ ಮಾರುವ ಸಾಲಿಗ. ನಿಯಮದಂತೆ ಅದು ಋಣಭಾರಗಳನ್ನು ನೋಟೀಸಿನಲ್ಲಿ ತಿಳಿಸಬೇಕು, ಆದರೆ ತನಗೆ ತಿಳಿದಿರುವಷ್ಟನ್ನು ಮಾತ್ರ.

ಮೊದಲು ನೋಡಬೇಕಾದದ್ದು ಸ್ವಾಧೀನ. ನೋಟೀಸಿನಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಬ್ಯಾಂಕು ಕಾಗದದ ಮೇಲೆ ಮಾತ್ರ ವಶಪಡಿಸಿಕೊಂಡಿದೆ, ಮನೆಯೊಳಗೆ ಜನ ಇದ್ದಾರೆ ಎಂದು ತಿಳಿಯಿರಿ. ‘ಭೌತಿಕ ಸ್ವಾಧೀನ’ ಎಂದಿದ್ದರೆ ಬೀಗದ ಕೈ ಬ್ಯಾಂಕಿನ ಬಳಿ ಇದೆ. ಈ ಎರಡು ಪದಗಳ ನಡುವಿನ ಅಂತರ ವರ್ಷಗಟ್ಟಲೆ ಅಲೆದಾಟ ಆಗಬಹುದು. ಸಾಲಗಾರನು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿದ್ದಾನೆಯೇ ಎಂಬುದನ್ನೂ ವಿಚಾರಿಸಬೇಕು.

ಎರಡನೆಯದು ಹಣದ ಗಡುವು. ಹರಾಜು ನಿಮ್ಮ ಹೆಸರಿಗೆ ನಿಂತರೆ ಅಂದೇ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ, ಮೊದಲು ಕಟ್ಟಿದ ಮುಂಗಡವೂ ಸೇರಿ ಬೆಲೆಯ ಶೇಕಡಾ 25 ಕಟ್ಟಬೇಕು. ಮಾರಾಟ ಸ್ಥಿರೀಕರಣವಾದ 15ನೇ ದಿನದೊಳಗೆ ಉಳಿದದ್ದನ್ನು ಕಟ್ಟಬೇಕು. ಬರವಣಿಗೆಯಲ್ಲಿ ಒಪ್ಪಿಗೆಯಾದರೆ ಗಡುವನ್ನು ಮುಂದೂಡಬಹುದು, ಅದೂ ಮೂರು ತಿಂಗಳು ಮೀರದಂತೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ತಮಿಳುನಾಡಿನ ಒಂದು ಪ್ರಕರಣದಲ್ಲಿ 3 ಕೋಟಿ ರೂಪಾಯಿಗೂ ಮೀರಿದ ಇಂಥ ಠೇವಣಿಯನ್ನು ಬ್ಯಾಂಕು ಮುಟ್ಟುಗೋಲು ಹಾಕಿಕೊಂಡದ್ದನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ‘ಕಾಫಿ ಮಾರಿ ಕಟ್ಟುತ್ತೇನೆ’ ಎಂಬ ಧೈರ್ಯದ ಮೇಲೆ ಬಿಡ್ ಕೂಗಬಾರದು.

ಮೂರನೆಯದು ಬಾಕಿಗಳು. ಹರಾಜಿನಲ್ಲಿ ಕೊಂಡ ಆಸ್ತಿಗಳ ಹಳೆಯ ವಿದ್ಯುತ್ ಬಾಕಿಯ ಬಗ್ಗೆ 2023ರ ಮೇ 19ರಂದು ಸುಪ್ರೀಂ ಕೋರ್ಟು ಕೆ. ಸಿ. ನೈನಾನ್ ಮತ್ತು ಕೇರಳ ರಾಜ್ಯ ವಿದ್ಯುತ್ ಮಂಡಳಿ ನಡುವಣ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹಿಂದಿನ ಮಾಲೀಕನ ಬಾಕಿ ತೀರಿದ ಮೇಲೆಯೇ ಅದೇ ಕಟ್ಟಡಕ್ಕೆ ಸಂಪರ್ಕ ಎಂದು ವಿದ್ಯುತ್ ಸರಬರಾಜು ನಿಯಮಗಳು ಹೇಳುವುದಾದರೆ ಅದು ಸಿಂಧು. ‘ಹೇಗಿದೆಯೋ ಹಾಗೆ’ ಎಂದು ಕೊಂಡವನು ಅಂಥ ಬಾಕಿಗಳನ್ನು ವಿಚಾರಿಸಿಯೇ ಕೊಳ್ಳಬೇಕಾಗಿತ್ತು ಎಂಬುದು ಅದರ ಸಾರ. ಗೌಡ್ರು ‘ಸುಮ್ನೆ ಬರೆಯೋದು’ ಎಂದ ಸಾಲಿಗೆ ದೇಶದ ಅತ್ಯುನ್ನತ ನ್ಯಾಯಾಲಯ ಕೊಟ್ಟ ತೂಕ ಇಷ್ಟು.

ನೋಡಬೇಕಾದದ್ದು ಏನೇನು?

ಕಾಗದಪತ್ರಗಳಲ್ಲಿ: ಮೂಲ ಕ್ರಯಪತ್ರಗಳು, ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ, ಖಾತೆ, ಕಂದಾಯ ರಸೀದಿ. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಇರುತ್ತದೆ. ಬಾಯಿಮಾತಿನ ಬಾಡಿಗೆ, ಮನೆತೆರಿಗೆ ಬಾಕಿ, ವಿದ್ಯುತ್ ಬಾಕಿ ಅದರಲ್ಲಿ ಕಾಣುವುದಿಲ್ಲ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಕೇಳಲೇಬೇಕು. 2005ರ ತಿದ್ದುಪಡಿಯ ನಂತರ ಅವರೂ ಸಮಾನ ಹಕ್ಕುದಾರರು. ನಿವೇಶನವು ಮಂಜೂರಾತಿ ಜಮೀನಿನ ಭಾಗವಾಗಿದ್ದರೆ, ಪರಿಶಿಷ್ಟ ಜಾತಿ ಪಂಗಡಗಳ ಜಮೀನಿಗೆ ಸಂಬಂಧಿಸಿದ 1978ರ ಕಾಯಿದೆ ಅಡ್ಡ ಬರುತ್ತದೆಯೇ ಎಂದು ವಕೀಲರಲ್ಲಿ ವಿಚಾರಿಸಿ.

ಮನೆಯಲ್ಲಿ: ಸಾಧ್ಯವಾದರೆ ಮಳೆಗಾಲದಲ್ಲಿಯೇ ಒಮ್ಮೆ ನೋಡಿ. ಮಲೆನಾಡಿನ ಮನೆಯ ನಿಜವಾದ ಸ್ಥಿತಿ ತಿಳಿಯುವುದು ಆಗಲೇ. ಬೇಸಿಗೆಯಲ್ಲಿ ನೋಡುವುದಾದರೆ ಗೋಡೆಯ ಬುಡದಲ್ಲಿ ಸುಣ್ಣ ಉಬ್ಬಿ ಉದುರಿದೆಯೇ, ಪಾಚಿಯ ಗೆರೆ ಎಷ್ಟು ಎತ್ತರಕ್ಕಿದೆ ಗಮನಿಸಿ. ಹೊಸ ಬಣ್ಣ ಕಂಡಲ್ಲಿ ಎರಡು ಪಟ್ಟು ಎಚ್ಚರ ವಹಿಸಿ. ತೊಲೆ ಪಕಾಸುಗಳನ್ನು ಬಡಗಿಯಿಂದ ಪರೀಕ್ಷೆ ಮಾಡಿಸಿ. ಹಿಂದೆ ಗುಡ್ಡ ಕಡಿದು ಮನೆ ಕಟ್ಟಿದ್ದರೆ ಮೇಲಿನ ನೀರು ಎಲ್ಲಿ ಹರಿಯುತ್ತದೆ ಎಂದು ನಿಂತು ನೋಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಯಾರೂ ಮರೆತಿಲ್ಲ. ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರಿರುತ್ತದೆಯೇ ಎಂದು ಮಾರುವವರನ್ನಲ್ಲ, ನೆರೆಮನೆಯವರನ್ನು ಕೇಳಿ.

ಬೆಲೆಯ ಲೆಕ್ಕ

‘ಇದ್ದ ಹಾಗೆ’ ಮಾರುವ ಮನೆ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ದೋಷವಿದ್ದರೂ ಕೊಳ್ಳಬಹುದು, ದೋಷದ ಬೆಲೆ ಗೊತ್ತಿದ್ದರೆ. ಬೆಲೆ ಕಡಿಮೆ ಇರುವುದು ಕೊಳ್ಳುವವನು ಹೊರುವ ಹೊಣೆಗೆ ಸಿಗುವ ಸಂಬಳ. ಆ ಸಂಬಳ ಸಾಕೋ ಸಾಲದೋ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಗೌಡ್ರೂ ನಾನೂ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಆ ಮನೆ ನೋಡಿ ಬಂದೆವು. ಮಾಡು, ಚರಂಡಿ, ಬಚ್ಚಲು ದುರಸ್ತಿಗೆ ಮೇಸ್ತ್ರಿಯ ಅಂದಾಜು 3 ಲಕ್ಷ. ಮುಂಭಾಗದಲ್ಲಿ ಹಿಟ್ಟಿನ ಗಿರಣಿ ಇತ್ತು. ಅದರ ವಿದ್ಯುತ್ ಬಾಕಿ 71,000. ಮನೆತೆರಿಗೆ ಬಾಕಿ 22,000. ಗಿರಣಿಯವರು ಹಳೆಯ ಮಾಲೀಕರಿಗೆ ಕೊಟ್ಟಿದ್ದೇವೆ ಎನ್ನುವ ಮುಂಗಡ 1,50,000. ಅದನ್ನು ಕಾನೂನಿನಂತೆ ಕೊಡಬೇಕೋ ಬೇಡವೋ ಬೇರೆ ಮಾತು, ಕೊಡದೆ ಅವರು ಏಳುವಂತೆ ಕಾಣಲಿಲ್ಲ. ಒಟ್ಟು 5,43,000 ರೂಪಾಯಿ. ಆರು ಲಕ್ಷದ ಲಾಭದಲ್ಲಿ ಉಳಿದದ್ದು 57,000. ನೋಟೀಸಿನಲ್ಲಿ ಇದ್ದದ್ದು ‘ಸಾಂಕೇತಿಕ ಸ್ವಾಧೀನ’. ಕೋರ್ಟಿಗೆ ಅಲೆಯುವ ದಿನಗಳನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಗೌಡ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಷ್ಟಕ್ಕೆ ಮಗಳ ಓದಿನ ದುಡ್ಡು ಹಾಕೋದಾ?” ಎಂದರು. ಬಿಡ್ ಹಾಕಲಿಲ್ಲ. ಆ ಹರಾಜಿಗೆ ಬೇರೆ ಯಾರೂ ಬರಲಿಲ್ಲ. ಕನಿಷ್ಠ ಬೆಲೆ ಇಳಿಸಿ ಮತ್ತೆ ನೋಟೀಸು ಬಂದರೆ ಅದೇ ಕಾಗದದ ಮೇಲೆ ಹೊಸ ಲೆಕ್ಕ ಹಾಕೋಣ ಎಂದುಕೊಂಡಿದ್ದೇವೆ.

ಕೊನೆಯದಾಗಿ, ಮಾರುವ ಸದಸ್ಯರಿಗೂ ಒಂದು ಮಾತು. ನಿಮ್ಮ ಹಳೆಯ ಮನೆ ಮಾರುವಾಗ ‘ಇದ್ದ ಹಾಗೆ’ ಎಂದಷ್ಟೇ ಬರೆಸಬೇಡಿ. ಸೋರುವ ಜಾಗ, ಗೆದ್ದಲು ಹಿಡಿದ ಮರ, ದಾರಿಯ ತಕರಾರು ಎಲ್ಲವನ್ನೂ ಕರಾರಿನಲ್ಲಿ ಕಾಣಿಸಿ ಕೊಳ್ಳುವವನ ರುಜು ಪಡೆಯಿರಿ. ಬೆಲೆ ನಾಲ್ಕು ಕಾಸು ಕಡಿಮೆಯಾದರೂ ಮುಂದೆ ನಿಮ್ಮ ಮೇಲೆ ಮಾತು ಬರುವುದಿಲ್ಲ, ರಾತ್ರಿ ನಿದ್ದೆಗೂ ಭಂಗವಿಲ್ಲ.

ಇಂಥ ನೋಟೀಸು ಅಥವಾ ಕರಾರುಪತ್ರ ಕೈಗೆ ಬಂದ ಸದಸ್ಯರು ಮುಂಗಡ ಕೊಡುವ ಮೊದಲು ಅದರ ಪ್ರತಿಯೊಂದಿಗೆ ಸಂಘದ ಕಚೇರಿಗೆ ಬರಬೇಕಾಗಿ ವಿನಂತಿ. ವಕೀಲರ ಸಲಹೆಗೆ ಅದು ಬದಲಿಯಲ್ಲ. ಆದರೆ ಏನನ್ನು ಕೇಳಬೇಕೆಂದು ಒಟ್ಟಿಗೆ ಕುಳಿತು ಪಟ್ಟಿ ಮಾಡಬಹುದು. ಬರುವಾಗ ಸಾಧ್ಯವಾದರೆ ಬಡಗಿಯನ್ನೂ ಕರೆತನ್ನಿ.

— ಕಾರ್ಯದರ್ಶಿ