ಬಿಟ್ಟಿ ನಾಣ್ಯವೂ ಗುರುತಿನ ಚೀಟಿಯೂ

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಈ ಗಾದೆಯ ಮರ್ಮವನ್ನು ಚೆನ್ನಾಗಿ ಬಲ್ಲ ಠಕ್ಕರು ಈಚಿನ ವರ್ಷಗಳಲ್ಲಿ ಹೊಸದೊಂದು ಸರಕನ್ನು ಹೊತ್ತು ತಂದಿದ್ದಾರೆ. ಅದೇ ಬಿಟ್ಟಿ ಕ್ರಿಪ್ಟೋ ನಾಣ್ಯ. ಕೊಳ್ಳೇಗಾಲದ ರೇಷ್ಮೆ ಅಂಗಡಿಯಲ್ಲಿ ಕುಳಿತವರಿಗಾಗಲಿ, ಹನೂರಿನ ಬಸ್ ನಿಲ್ದಾಣದಲ್ಲಿ ಕಾಯುವ ವಿದ್ಯಾರ್ಥಿಗಾಗಲಿ, ಯಳಂದೂರಿನಲ್ಲಿ ಅಡಿಗೆಯ ಕೆಲಸ ಮುಗಿಸಿ ಫೋನು ಕೈಗೆತ್ತಿಕೊಂಡ ಗೃಹಿಣಿಗಾಗಲಿ ಸಂದೇಶ ಬರುವುದು ಒಂದೇ ಬಗೆಯಲ್ಲಿ: ‘ನಿಮಗೆ 5,000 ನಾಣ್ಯ ಉಚಿತ. ಹಣ ಕಟ್ಟಬೇಕಾಗಿಲ್ಲ. ಆಧಾರ್ ಕಾರ್ಡಿನ ಎರಡೂ ಬದಿಯ ಚಿತ್ರ ಕಳುಹಿಸಿದರೆ ಸಾಕು.’ ಹಣವನ್ನೇ ಕೇಳಲಿಲ್ಲವಲ್ಲ, ನಮ್ಮ ಗಂಟೇನು ಹೋಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹೋಗುವ ಗಂಟು ಯಾವುದೆಂಬುದನ್ನೇ ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ಈ ನಾಣ್ಯವೆಂದರೇನು? ಬೆಳ್ಳಿಯ ರೂಪಾಯಿಯಂತೆ ಕೈಯಲ್ಲಿ ಹಿಡಿಯುವ ವಸ್ತು ಇದಲ್ಲ. ಲೋಕದ ಬೇರೆ ಬೇರೆ ಕಡೆ ಇರುವ ಗಣಕಯಂತ್ರಗಳು ಒಟ್ಟಿಗೆ ಇಟ್ಟುಕೊಂಡು ಬರುವ ಲೆಕ್ಕದ ಪುಸ್ತಕದಲ್ಲಿ ಇದೊಂದು ಬರಹ ಮಾತ್ರ. 2009ರಲ್ಲಿ ಮೊದಲಾದ ಬಿಟ್‌ಕಾಯಿನ್ ಇವುಗಳಲ್ಲಿ ಹಿರಿಯದು. ಅದಾದಮೇಲೆ ಸಾವಿರಾರು ಹೆಸರಿನ ನಾಣ್ಯಗಳು ಹುಟ್ಟಿವೆ. ಇವತ್ತು ಯಾರು ಬೇಕಾದರೂ ಒಂದು ಹೊಸ ಹೆಸರಿಟ್ಟು ಕೋಟಿ ನಾಣ್ಯಗಳನ್ನು ಕೆಲವೇ ನಿಮಿಷಗಳಲ್ಲಿ ಬರೆದುಕೊಳ್ಳಬಹುದು. ಆದಕಾರಣ 5,000 ನಾಣ್ಯ ಹಂಚುವವನಿಗೆ ಖರ್ಚೇನೂ ಇಲ್ಲ. ಕೊಳ್ಳುವವರು ಇದ್ದರೆ ಅದಕ್ಕೆ ಬೆಲೆ, ಇಲ್ಲದಿದ್ದರೆ ಇಲ್ಲ. ನಮ್ಮ ದೇಶದಲ್ಲಿ ಇದಕ್ಕೆ ರೂಪಾಯಿಯ ಮಾನ್ಯತೆ ಇಲ್ಲ. ಆದರೆ ವ್ಯವಹಾರಕ್ಕೆ ನಿಷೇಧವೂ ಇಲ್ಲ. 2022ರ ಏಪ್ರಿಲ್ 1ರಿಂದ ಇದರ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆ ಉಂಟು.

ಇನ್ನು ಕಾಗದ ಪತ್ರದ ಮಾತು. 2023ರ ಮಾರ್ಚ್ 7ರಂದು ಕೇಂದ್ರ ಸರ್ಕಾರವು ಇಂಥ ನಾಣ್ಯಗಳ ವ್ಯಾಪಾರವನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ತಂದಿತು. ಅಂದಿನಿಂದ ನಾಣ್ಯದ ವಿನಿಮಯ ಕೇಂದ್ರಗಳು ತಮ್ಮ ಗಿರಾಕಿ ಯಾರೆಂಬುದನ್ನು ಬ್ಯಾಂಕಿನಂತೆಯೇ ಪರೀಕ್ಷಿಸಬೇಕು. ಆಧಾರ್, ಪ್ಯಾನ್, ಮುಖದ ಚಿತ್ರ ಇವುಗಳನ್ನು ಅವರು ಕೇಳುವುದು ಈ ನಿಯಮದ ಮೇರೆಗೆ. ಠಕ್ಕನಿಗೆ ಅನುಕೂಲವಾದದ್ದೂ ಇದೇ. ‘ಸರ್ಕಾರದ ನಿಯಮ, ಕೆ.ವೈ.ಸಿ. ಆಗಲೇಬೇಕು’ ಎಂದು ಅವನೂ ಅದೇ ಮಾತನ್ನು ಆಡುತ್ತಾನೆ. ಕೇಳುವ ಕಾಗದಗಳು ಒಂದೇ, ಕೇಳುವವರು ಬೇರೆ.

ದೊಡ್ಡವರ ಹೆಸರು ಕಂಡೊಡನೆ ನಂಬಬಹುದೇ? 2021ರ ಡಿಸೆಂಬರ್ 12ರ ನಸುಕಿನಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರ ಟ್ವಿಟರ್ ಖಾತೆಯೇ ಕೆಲಹೊತ್ತು ಪರರ ಕೈವಶವಾಗಿತ್ತು. ಭಾರತವು ಬಿಟ್‌ಕಾಯಿನನ್ನು ಅಧಿಕೃತ ಹಣವೆಂದು ಒಪ್ಪಿಕೊಂಡಿದೆ, ಸರ್ಕಾರ 500 ಬಿಟ್‌ಕಾಯಿನ್ ಕೊಂಡು ದೇಶದ ನಿವಾಸಿಗಳಿಗೆಲ್ಲ ಹಂಚುತ್ತಿದೆ ಎಂದು ಅಲ್ಲಿ ಸುಳ್ಳು ಪ್ರಕಟಣೆ ಕಾಣಿಸಿತು. ಜೊತೆಗೆ ಒತ್ತಲು ಒಂದು ಕೊಂಡಿ. ಲೆಕ್ಕ ಹಾಕಿ ನೋಡಿ: ಆಗಿನ ಬೆಲೆಯಂತೆ 500 ಬಿಟ್‌ಕಾಯಿನನ್ನು 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಒಂದೂವರೆ ರೂಪಾಯಿಯೂ ಬಾರದು! ಆದರೆ ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದಾಗ ಲೆಕ್ಕ ಹಾಕುವ ವ್ಯವಧಾನ ಯಾರಿಗೆ?

ಉಚಿತ ಹಂಚಿಕೆಯೆಲ್ಲ ಮೋಸವೆಂದು ಹೇಳುವುದೂ ಸರಿಯಲ್ಲ. 2020ರ ಸೆಪ್ಟೆಂಬರಿನಲ್ಲಿ ಯೂನಿಸ್ವಾಪ್ ಎಂಬ ವ್ಯವಸ್ಥೆಯು ತನ್ನನ್ನು ಅದುವರೆಗೆ ಬಳಸಿದ್ದ ಪ್ರತಿ ಖಾತೆಗೂ 400 ನಾಣ್ಯಗಳನ್ನು ನಿಜವಾಗಿಯೇ ಕೊಟ್ಟಿತು. ಅದು ಯಾರ ಗುರುತಿನ ಚೀಟಿಯನ್ನೂ ಕೇಳಲಿಲ್ಲ. 2023ರಲ್ಲಿ ವರ್ಲ್ಡ್‌ಕಾಯಿನ್ ಎಂಬ ಯೋಜನೆ ನಮ್ಮ ಬೆಂಗಳೂರಿಗೂ ಬಂದಿತ್ತು. ಗೋಳದಂಥ ಯಂತ್ರದ ಮುಂದೆ ನಿಂತವರ ಕಣ್ಣಿನ ಪಾಪೆಯ ಚಿತ್ರ ತೆಗೆದು, ಅವರು ಮನುಷ್ಯರೇ ಹೌದೆಂದು ದಾಖಲಿಸುವುದು ಅದರ ಕ್ರಮ. ಹೀಗೆ ನಿಂತವರಿಗೆ ಅನೇಕ ದೇಶಗಳಲ್ಲಿ ನಾಣ್ಯಗಳನ್ನು ಕೊಟ್ಟರು. ಆಫ್ರಿಕದ ಕೆನ್ಯಾ ದೇಶದಲ್ಲಿ ಜನ ಇದಕ್ಕಾಗಿ ಸಾಲುಗಟ್ಟಿ ನಿಂತರು. 2023ರ ಆಗಸ್ಟ್ 2ರಂದು ಅಲ್ಲಿನ ಸರ್ಕಾರ ಅದನ್ನು ತಡೆಯಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟು ಸಂಗ್ರಹಿಸಿದ ಗುರುತುಗಳನ್ನು ಅಳಿಸಬೇಕೆಂದು ಆಜ್ಞೆ ಮಾಡಿತು. ಇದು ಠಕ್ಕರ ಕೆಲಸವೆಂದು ಹೇಳುತ್ತಿಲ್ಲ. ನಾಣ್ಯದ ಬೆಲೆ ದಿನದಿನಕ್ಕೆ ಏರಿ ಇಳಿಯುತ್ತದೆ. ಒಮ್ಮೆ ಕೊಟ್ಟ ಕಣ್ಣಿನ ಗುರುತನ್ನು ಬದಲಾಯಿಸಿಕೊಳ್ಳುವುದು ಜನ್ಮದಲ್ಲಿ ಸಾಧ್ಯವಿಲ್ಲ ಎಂಬುದನ್ನು ನೆನಪಿಡಬೇಕು.

ಪ್ರಾಮಾಣಿಕರ ಕೈಯಲ್ಲಿರುವ ಕಾಗದಕ್ಕೂ ಅಪಾಯ ತಪ್ಪಿದ್ದಲ್ಲ. ಅಮೆರಿಕದ ದೊಡ್ಡ ವಿನಿಮಯ ಕೇಂದ್ರವಾದ ಕಾಯಿನ್‌ಬೇಸ್‌ನ ಹೊರದೇಶದ ನೌಕರರಲ್ಲಿ ಕೆಲವರಿಗೆ ಲಂಚ ಕೊಟ್ಟು, ಸುಮಾರು 69,000 ಗಿರಾಕಿಗಳ ವಿವರಗಳನ್ನು ಕಳ್ಳರು ತೆಗೆದುಕೊಂಡು ಹೋದ ಸಂಗತಿ 2025ರ ಮೇ ತಿಂಗಳಲ್ಲಿ ಹೊರಬಿತ್ತು. ಅದರಲ್ಲಿ ಗುರುತಿನ ಚೀಟಿಗಳ ಚಿತ್ರಗಳೂ ಇದ್ದವು. ಕಾವಲಿರುವ ಉಗ್ರಾಣದ ಪಾಡೇ ಹೀಗಾದರೆ, ಹೆಸರು ವಿಳಾಸವಿಲ್ಲದವನಿಗೆ ವಾಟ್ಸಪ್ಪಿನಲ್ಲಿ ಕಳುಹಿಸಿದ ಚಿತ್ರದ ಪಾಡು ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಠಕ್ಕನು ಈ ಕಾಗದದಿಂದ ಏನು ಮಾಡುತ್ತಾನೆ? ಆಧಾರ್ ಸಂಖ್ಯೆಯೊಂದರಿಂದಲೇ ಯಾರೂ ನಿಮ್ಮ ಬ್ಯಾಂಕಿನ ಹಣ ತೆಗೆಯಲಾರರು. ಅದಕ್ಕೆ ಬೆರಳಿನ ಗುರುತೋ, ಫೋನಿಗೆ ಬರುವ ಓ.ಟಿ.ಪಿ.ಯೋ ಬೇಕು. ಅದಕ್ಕಾಗಿಯೇ ಅವನು ಒಂದರ ಮೇಲೊಂದು ಕೇಳುತ್ತ ಹೋಗುತ್ತಾನೆ. ಮೊದಲು ಆಧಾರ್, ಆಮೇಲೆ ಪ್ಯಾನ್, ಪಾಸ್‌ಪುಸ್ತಕದ ಮೊದಲ ಪುಟ, ಕಾರ್ಡು ಹಿಡಿದು ತೆಗೆದ ಚಿತ್ರ, ತಲೆ ಎಡಕ್ಕೆ ಬಲಕ್ಕೆ ತಿರುಗಿಸುವ ವಿಡಿಯೋ, ಕಡೆಗೆ ‘ಈಗ ಬಂದ ಸಂಖ್ಯೆ ಹೇಳಿ’ ಎಂಬ ಮಾತು. ಇಷ್ಟೂ ಸೇರಿದರೆ ನೀವು ಎದುರಿಗೇ ನಿಂತು ಒಪ್ಪಿಗೆ ಕೊಟ್ಟಂತೆ. ನಿಮ್ಮ ಹೆಸರಿನಲ್ಲಿ ವಿನಿಮಯ ಕೇಂದ್ರದಲ್ಲಿ ಖಾತೆ ತೆರೆದು, ಬೇರೆಲ್ಲೋ ಕದ್ದ ಹಣವನ್ನು ಅದರ ಮೂಲಕ ಸಾಗಿಸಬಹುದು. ಸಿಮ್ ಕೊಳ್ಳಬಹುದು. ಫೋನಿನಲ್ಲೇ ಸಾಲ ಕೊಡುವವರ ಬಳಿ ಸಾಲ ಎತ್ತಬಹುದು. ಹಿಂದೆ ಖಾಲಿ ಕಾಗದಕ್ಕೆ ರುಜು ಹಾಕಿ ಸಾಹುಕಾರನ ಕೈಗೆ ಕೊಟ್ಟವರ ಅವಸ್ಥೆಯೇ ಇದು: ಮೇಲೆ ಏನು ಬರೆದುಕೊಳ್ಳುತ್ತಾರೆಂಬುದು ರುಜು ಹಾಕಿದವರಿಗೆ ಗೊತ್ತಿಲ್ಲ.

ಕಷ್ಟ ಗೊತ್ತಾಗುವುದು ತಿಂಗಳುಗಳ ಮೇಲೆ. ಯಾವುದೋ ರಾಜ್ಯದ ಪೊಲೀಸರಿಂದ ನೋಟೀಸು ಬರುತ್ತದೆ. ಹಣದ ಜಾಡು ಹಿಡಿದು ಬ್ಯಾಂಕಿನ ಖಾತೆಯನ್ನು ತಡೆಹಿಡಿಯುತ್ತಾರೆ. ರೇಷ್ಮೆಗೂಡು ಮಾರಿದ ಹಣ, ಮಗಳ ವಿದ್ಯಾರ್ಥಿವೇತನ, ಗೃಹಲಕ್ಷ್ಮಿಯ ಮೊಬಲಗು ಎಲ್ಲ ಬಂದು ಬೀಳುವುದು ಅದೇ ಖಾತೆಗೆ. ತಪ್ಪು ನಮ್ಮದಲ್ಲವೆಂದು ತೋರಿಸಲು ಠಾಣೆಗೂ ಬ್ಯಾಂಕಿಗೂ ಅಲೆಯುವ ಹೊರೆ ಮನೆಯವರ ಮೇಲೆ ಬೀಳುತ್ತದೆ. ನಮ್ಮ ಕಡೆಯಲ್ಲಿ ಕಾಗದ ಪತ್ರ ಸುಲಭವಾಗಿ ಕೈಸೇರಿದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ಮೇಲಿನ ಸಮುದಾಯ ಹಕ್ಕಿನ ಪತ್ರ ಪಡೆದದ್ದು 2011ರಲ್ಲಿ, ಬಹುಕಾಲ ಹೋರಾಡಿದ ಮೇಲೆ. ಕಷ್ಟಪಟ್ಟು ಪಡೆದ ಹೆಸರಿನ ದಾಖಲೆಯನ್ನು ಬೆಲೆಯಿಲ್ಲದ ನಾಣ್ಯಕ್ಕೆ ಒಪ್ಪಿಸಬಹುದೇ?

ಬ್ಯಾಂಕು, ಸಿಮ್, ಬಾಡಿಗೆ ಮನೆ ಮೊದಲಾದವುಗಳಿಗೆ ಕಾಗದ ಕೊಡದೆ ನಡೆಯುವುದಿಲ್ಲ, ನಿಜ. ಆಗಲೂ ಕೆಲವು ಪದ್ಧತಿಗಳನ್ನು ಇಟ್ಟುಕೊಳ್ಳುವುದು ಮೇಲು. ಒಪ್ಪುವ ಕಡೆಗಳಲ್ಲಿ ಮೊದಲ 8 ಅಂಕಿ ಮರೆಯಾಗಿ ಕಡೆಯ 4 ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನೇ ಕೊಡಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅದು ದೊರೆಯುತ್ತದೆ. ಜೆರಾಕ್ಸ್ ಪ್ರತಿಯ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖಿನಂದು ಕೊಟ್ಟಿರೆಂದು ಬರೆದು ರುಜು ಹಾಕಿ. ಅಂಗಡಿಯವರ ಫೋನಿಗೆ ಚಿತ್ರ ಕಳುಹಿಸಿ ಪ್ರತಿ ತೆಗೆಸಿದರೆ, ಎದುರಿಗೇ ಅಳಿಸುವಂತೆ ಕೇಳಲು ಸಂಕೋಚ ಬೇಡ. ಬೆರಳಿನ ಗುರುತನ್ನು ಬೇಡದಾಗ ಬೀಗ ಹಾಕಿಡುವ ಸೌಕರ್ಯವೂ ಆಧಾರಿನಲ್ಲಿದೆ. ಓ.ಟಿ.ಪಿ.ಯನ್ನು ಮಾತ್ರ ಎಂಥವರಿಗೂ ಹೇಳಕೂಡದು.

ಈಗಾಗಲೇ ಕಳುಹಿಸಿಬಿಟ್ಟಿದ್ದರೆ? ಹೆದರಿ ಮುಚ್ಚಿಡಬೇಡಿ. ‘ನಾಣ್ಯ ಬಿಡಿಸಿಕೊಳ್ಳಲು ಶುಲ್ಕ ಕಟ್ಟಿ’ ಎಂದರೆ ಒಂದು ಕಾಸನ್ನೂ ಕಟ್ಟಬೇಡಿ. ಬಂದ ಸಂದೇಶಗಳನ್ನು ಅಳಿಸದೆ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೋಗದಿದ್ದರೂ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೋ ಹತ್ತಿರದ ಠಾಣೆಯಲ್ಲೋ ದೂರು ಬರೆಸಿ, ಅದರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ನಾಳೆ ನೋಟೀಸು ಬಂದರೆ ನಿಮ್ಮ ಪರವಾಗಿ ನುಡಿಯುವ ಸಾಕ್ಷಿ ಅದೇ. ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂಬುದನ್ನು ಸಂಚಾರ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು. ನಿಮ್ಮ ಮೇಲೆ ಯಾವ ಸಾಲವಿದೆಯೆಂಬ ವರದಿಯನ್ನು ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಪರರ ಗುರುತನ್ನು ಕದ್ದು ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ 3 ವರ್ಷದವರೆಗೆ ಸೆರೆಯೂ, 1 ಲಕ್ಷ ರೂಪಾಯಿವರೆಗೆ ದಂಡವೂ ಉಂಟು.

ಮನೆಯ ಹಿರಿಯರಲ್ಲಿ ಒಂದು ಮಾತು. ಇಂಥ ಸಂದೇಶಕ್ಕೆ ಮೊದಲು ಓಗೊಡುವವರು ಅನೇಕ ವೇಳೆ ಮಕ್ಕಳು. ಅವರು ಕಳುಹಿಸುವ ಕಾರ್ಡು ಅಪ್ಪನದೋ ಅಜ್ಜಿಯದೋ ಆಗಿರಬಹುದು. ಗದರಿಸಿದರೆ ಮುಂದಿನ ಸಲ ಅವರು ಹೇಳದೆ ಉಳಿಯುತ್ತಾರೆ. ಸಂಜೆ ರೇಡಿಯೋ ಕೇಳುತ್ತ ಎಲ್ಲರೂ ಕುಳಿತಾಗ ಈ ವಿಷಯವನ್ನು ಮಾತನಾಡಿ. ಕೊಡುವವನಿಗೆ ಆ ನಾಣ್ಯದಿಂದ ನಷ್ಟವಿಲ್ಲ; ನಿಮ್ಮ ಹೆಸರು ನಿಮಗೆ ಇರುವುದು ಒಂದೇ. ಆಧಾರ್ ಇಟ್ಟ ಪೆಟ್ಟಿಗೆಯ ಬೀಗ ಎಷ್ಟು ಭದ್ರವಾಗಿದ್ದರೂ, ಅದರ ಚಿತ್ರ ಫೋನಿನಲ್ಲಿ ಬಿದ್ದಿದ್ದರೆ ಪೆಟ್ಟಿಗೆ ತೆರೆದಿಟ್ಟಂತೆಯೇ ಸರಿ.