ಸಕ್ಕರೆ ಕಾಯಿಲೆಯಿರುವ ರೈತರು ಕಸುವನ್ನು ಮರಳಿ ಪಡೆಯುವ ಬಗೆ

ಸಕ್ಕರೆ ಕಾಯಿಲೆಯಿರುವ ರೈತರನ್ನು ವಿಚಾರಿಸಿದರೆ ಅವರು ಮೊದಲು ಹೇಳುವುದು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನಲ್ಲ, ಮೈಯಲ್ಲಿ ಶಕ್ತಿಯೇ ಇಲ್ಲ ಎಂಬುದನ್ನು. ಎರಡು ಸಾಲು ಕಳೆ ತೆಗೆಯುವುದರೊಳಗೆ ಬದುವಿನ ಮೇಲೆ ಕೂರಬೇಕಾಗುತ್ತದೆ. ಮಧ್ಯಾಹ್ನ ಉಂಡ ಕೂಡಲೇ ಕಣ್ಣು ಎಳೆಯುತ್ತದೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದರಿಂದ ನಿದ್ರೆಯೂ ಇಲ್ಲ. ‘ವಯಸ್ಸಾಯಿತು, ಇನ್ನು ಕೈಲಾಗದು’ ಎಂದು ಜಮೀನನ್ನು ಕೋರಿಗೆ ಕೊಟ್ಟು ಜಗಲಿ ಹಿಡಿಯುವವರೂ ಉಂಟು. ಇದು ಅವಸರದ ತೀರ್ಮಾನ. ಇಂಥವರಲ್ಲಿ ಅನೇಕರ ಕಸುವು ಮರಳಿ ಬರುವಂಥದು. ಸುಮ್ಮನೆ ಕೂರುವುದರಿಂದ ಅದು ಇನ್ನಷ್ಟು ಕುಗ್ಗುತ್ತದೆ.

ಇದು ಪೇಟೆಯ ಶ್ರೀಮಂತರ ರೋಗವೆಂಬ ಭಾವನೆ ಈಗ ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2008ರಿಂದ 2020ರವರೆಗೆ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆ. ಹಳ್ಳಿಗಳಲ್ಲಿರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಜನ ಇದಕ್ಕೆ ಒಳಗಾಗಿದ್ದಾರೆ. ಎತ್ತಿನ ನೇಗಿಲಿನ ಜಾಗಕ್ಕೆ ಟ್ರಾಕ್ಟರ್, ಏತದ ಜಾಗಕ್ಕೆ ಪಂಪ್‌ಸೆಟ್, ನಡಿಗೆಯ ಜಾಗಕ್ಕೆ ಮೋಟಾರ್ ಸೈಕಲ್ ಬಂದವು. ದೇಹದ ದುಡಿಮೆ ಇಳಿಯಿತು, ಊಟದ ಪ್ರಮಾಣ ಇಳಿಯಲಿಲ್ಲ.

ಕಾಲುವೆಯಲ್ಲಿ ನೀರಿದ್ದರೂ ಗದ್ದೆ ಒಣಗುವುದೇಕೆ?

ನಾವು ಉಂಡ ಮುದ್ದೆ, ಅನ್ನ, ರೊಟ್ಟಿಗಳು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತಕ್ಕೆ ಸೇರುತ್ತವೆ. ರಕ್ತವನ್ನು ಕಾಲುವೆಯೆಂದೂ ಸ್ನಾಯುಗಳನ್ನು ಗದ್ದೆಯೆಂದೂ ತಿಳಿಯಿರಿ. ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಇನ್ಸುಲಿನ್ ಎಂಬ ರಸವು ಗದ್ದೆಯ ತೂಬು ತೆರೆಯುವ ನೀರುಗಂಟಿಯಿದ್ದಂತೆ. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ತೂಬು ತುಕ್ಕು ಹಿಡಿದಿರುತ್ತದೆ. ಬರಬರುತ್ತಾ ನೀರುಗಂಟಿಯೂ ಸೋಲುತ್ತಾನೆ. ಕಾಲುವೆ ತುಂಬಿ ಹರಿದರೂ ಗದ್ದೆಗೆ ನೀರಿಲ್ಲ. ಹೊಟ್ಟೆ ತುಂಬ ಉಂಡವನಿಗೂ ನಿತ್ರಾಣವಾಗುವುದು ಹೀಗೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಕೆರೆ ಕೋಡಿ ಬಿದ್ದಂತೆ ಅದು ಮೂತ್ರದಲ್ಲಿ ಹರಿದುಹೋಗುತ್ತದೆ, ತನ್ನೊಡನೆ ದೇಹದ ನೀರನ್ನೂ ಒಯ್ಯುತ್ತದೆ. ಬಾಯಾರಿಕೆ, ನಿದ್ರೆಗೇಡು, ಸುಸ್ತು ಇವೆಲ್ಲ ಇದರ ಹಿಂದೆ ಬರುತ್ತವೆ.

ಇಲ್ಲೊಂದು ಅನುಕೂಲವುಂಟು. ಸ್ನಾಯುಗಳು ದುಡಿಯುವಾಗ ಇನ್ಸುಲಿನ್ ಅಷ್ಟಾಗಿ ಇಲ್ಲದೆಯೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಒಮ್ಮೆ ಚೆನ್ನಾಗಿ ದುಡಿದರೆ ಮುಂದಿನ ಒಂದೆರಡು ದಿನ ತೂಬು ಸುಲಭವಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆಯ ಆಯಾಸಕ್ಕೆ ವಿಶ್ರಾಂತಿಯೊಂದೇ ಮದ್ದಲ್ಲ. ಉಂಡ ಮೇಲೆ ಮಲಗುವ ಬದಲು 15 ನಿಮಿಷ ತೋಟದಲ್ಲಿ ಅಡ್ಡಾಡಿದರೂ ಸಕ್ಕರೆ ಏರುವುದು ತಗ್ಗುತ್ತದೆ.

ಮುದ್ದೆಯ ವಿಚಾರ

‘ಅನ್ನ ಬಿಟ್ಟು ಮುದ್ದೆ ತಿನ್ನಿ’ ಎಂಬ ಸಲಹೆಯನ್ನು ಬಹಳ ಜನ ‘ಮುದ್ದೆ ಎಷ್ಟು ತಿಂದರೂ ಸರಿ’ ಎಂದು ಅರ್ಥಮಾಡಿಕೊಂಡಿದ್ದಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ ರಾಗಿಯಲ್ಲಿ ಸುಮಾರು 72 ಗ್ರಾಂ ಇದೆ. ರಾಗಿಯಲ್ಲಿ ನಾರು ಹೆಚ್ಚು. ಸುಣ್ಣದ ಅಂಶವಂತೂ ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಗಳನ್ನು ಎರಡು ನುಂಗಿದರೆ ಸಕ್ಕರೆ ಏರದೆ ಇರದು. ಆ ಅಳತೆಯ ಮುದ್ದೆ ಬೆಳಗಿನಿಂದ ನೇಗಿಲು ಹಿಡಿದವನಿಗೆ ಹೊಂದುವಂಥದು. ಒಂದೇ ಮುದ್ದೆ, ಅದೂ ಹಿಂದಿಗಿಂತ ಚಿಕ್ಕದು ಸಾಕು. ಮಿಕ್ಕ ಜಾಗವನ್ನು ಕಾಳು ಮತ್ತು ಸೊಪ್ಪಿಗೆ ಬಿಡಬೇಕು. ಬಸ್ಸಾರಿನ ತಿಳಿಯನ್ನಷ್ಟೇ ಬಡಿಸಿಕೊಂಡು ಬಸಿದ ಸೊಪ್ಪು ಕಾಳನ್ನು ಬದಿಗಿಡುವುದು ಸಲ್ಲದು. ಮೊದಲು ಆ ಪಲ್ಯವನ್ನು ತಿಂದು ಆಮೇಲೆ ಮುದ್ದೆಗೆ ಕೈಹಾಕುವುದು ಉತ್ತಮ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕವಿದೆ. ಬಡವರ ಕಾಳೆಂದು ಇದನ್ನು ಕಡೆಗಣಿಸುವುದು ತರವಲ್ಲ. ಉತ್ತರದ ಜಿಲ್ಲೆಗಳವರೂ ಒಂದು ರೊಟ್ಟಿ ಕಡಿಮೆ ಮಾಡಿ ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಮಜ್ಜಿಗೆಯನ್ನು ಹೆಚ್ಚಿಸಿಕೊಳ್ಳಬಹುದು.

ಬೆಲ್ಲ ಸಕ್ಕರೆಗಿಂತ ವಾಸಿ ಎಂಬ ನಂಬಿಕೆ ಕಬ್ಬು ಬೆಳೆಯುವ ಸೀಮೆಗಳಲ್ಲಿ ಬಲವಾಗಿದೆ. ಈ ಕಾಯಿಲೆಯ ಮಟ್ಟಿಗೆ ಎರಡೂ ಒಂದೇ. ಆಳುಗಳೊಡನೆ ದಿನಕ್ಕೆ ಐದಾರು ಸಲ ಕುಡಿಯುವ ಸಿಹಿ ಚಹಾವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಲಕಾಯಿ, ಮೆಂತ್ಯಗಳನ್ನು ಅಡಿಗೆಯಲ್ಲಿ ಧಾರಾಳವಾಗಿ ಬಳಸಿ, ಆದರೆ ಅವುಗಳನ್ನು ನಂಬಿ ಮಾತ್ರೆ ಬಿಡಬೇಡಿ.

ದಪ್ಪನೆಯ ಮೈಯವರು ತೂಕ ಇಳಿಸಿದರೆ ದೊಡ್ಡ ಲಾಭವಿದೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ, ಕಾಯಿಲೆ ಬಂದು ಆರು ವರ್ಷ ಮೀರದ ದಪ್ಪ ಮೈಯವರು ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿದಾಗ, ಒಂದು ವರ್ಷದ ಕೊನೆಗೆ ಹತ್ತಿರ ಹತ್ತಿರ ಅರ್ಧದಷ್ಟು ಜನರ ಸಕ್ಕರೆ ಔಷಧಿಯಿಲ್ಲದೆಯೇ ಹತೋಟಿಯಲ್ಲಿತ್ತು. ಆದರೆ ನಮ್ಮಲ್ಲಿ ತೆಳ್ಳನೆಯ ಮೈಯ ರೋಗಿಗಳೂ ಅನೇಕರಿದ್ದಾರೆ. ಅವರು ಇದನ್ನು ಕೇಳಿ ಉಪವಾಸ ಬೀಳಬಾರದು. ಅವರಿಗೆ ಬೇಕಾದದ್ದು ಕಾಳು, ಹಾಲು, ಮೊಟ್ಟೆ ಮತ್ತು ಸರಿಯಾದ ಔಷಧಿ. ಮನೆಯ ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕು: ಎಲ್ಲರಿಗೂ ಬಡಿಸಿದ ಮೇಲೆ ಅವರಿಗೆ ಉಳಿಯುವುದು ಅನ್ನ ಮತ್ತು ತಿಳಿ ಸಾರು. ಅವರ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡುವುದು ಮನೆಯವರ ಹೊಣೆ.

ನಾಟಿ, ಕೊಯ್ಲಿನ ದಿನಗಳ ಎಚ್ಚರಿಕೆ

ಬೇಸಾಯದ ದುಡಿಮೆ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಬೇಸಿಗೆಯಲ್ಲಿ ಬಿಡುವು; ನಾಟಿ, ಕೊಯ್ಲು, ಒಕ್ಕಣೆಯ ವಾರಗಳಲ್ಲಿ ಬಿಡುವಿಲ್ಲದ ಕೆಲಸ. ಬೇಸಿಗೆಗೆ ಹೊಂದಿಸಿದ ಔಷಧಿಯನ್ನೇ ನಾಟಿಯ ದಿನ ತೆಗೆದುಕೊಂಡು ಬೆಳಗಿನ ಊಟ ತಡವಾದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು. ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ. ನೋಡಿದವರು ಕುಡಿದಿದ್ದಾನೆ ಎಂದೋ ಬಿಸಿಲಿನ ಝಳವೆಂದೋ ಭಾವಿಸಿ ಬಿಟ್ಟುಬಿಡುವುದು ಅಪಾಯ. ಟ್ರಾಕ್ಟರ್ ಅಥವಾ ಒಕ್ಕಣೆ ಯಂತ್ರದ ಬಳಿ ಇರುವಾಗ ಹೀಗಾದರೆ ಪ್ರಾಣಕ್ಕೇ ಸಂಚಕಾರ.

ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆ ಅಥವಾ ಬೆಲ್ಲವಿರಲಿ. ಮೇಲಿನ ಲಕ್ಷಣ ಕಂಡೊಡನೆ ಕೆಲಸ ನಿಲ್ಲಿಸಿ, ಮೂರು ಚಮಚೆ ಸಕ್ಕರೆ ತಿಂದು ನೀರು ಕುಡಿದು 15 ನಿಮಿಷ ನೆರಳಲ್ಲಿ ಕುಳಿತಿರಬೇಕು. ಸರಿಹೋಗದಿದ್ದರೆ ಮತ್ತೊಮ್ಮೆ ಅಷ್ಟೇ ತಿಂದು, ಚೇತರಿಸಿಕೊಂಡ ಮೇಲೆ ಊಟ ಮಾಡತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಜೊತೆಯಲ್ಲಿ ದುಡಿಯುವ ಒಬ್ಬರಿಗಾದರೂ ಈ ವಿಷಯ ತಿಳಿದಿರಲಿ.

ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಇನ್ನೊಂದು ಮಾತು. ನರಗಳು ಜಡವಾದ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಮಾಯದ ಗಾಯವನ್ನು ಒಂದೆರಡು ದಿನಕ್ಕಿಂತ ಹೆಚ್ಚು ಮನೆಯಲ್ಲಿಟ್ಟುಕೊಳ್ಳಬೇಡಿ.

ಎಲೆ ಹಳದಿಯಾಗಲು ಕಾರಣ ಒಂದೇ ಅಲ್ಲ

ಬೆಳೆ ಹಳದಿಯಾದ ಕೂಡಲೇ ಯೂರಿಯಾ ಎರಚುವವರಿದ್ದಾರೆ. ಸಾರಜನಕದ ಕೊರತೆಯಿರಬಹುದು, ನೀರು ನಿಂತಿರಬಹುದು, ಬೇರು ಕೊಳೆತಿರಬಹುದು. ಆಯಾಸವೂ ಹೀಗೆಯೇ. ಸಕ್ಕರೆ ಹತೋಟಿಗೆ ಬಂದ ಮೇಲೂ ಸುಸ್ತು ಹೋಗದಿದ್ದರೆ ಬೇರೆ ಕಾರಣ ಹುಡುಕಬೇಕು.

ಬಹಳ ಜನ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಗೆ ಮೂಲ ಯೂರೋಪಿನ ಗಲೀಗ ಎಂಬ ಗಿಡ. ನಮ್ಮ ಹುರುಳಿ, ಅವರೆಗಳ ಕುಲಕ್ಕೇ ಸೇರಿದ ಇದನ್ನು ಮೇದ ಕುರಿಗಳು ಸಾಯುವುದುಂಟು. ಅದರಲ್ಲಿನ ಸತ್ವದ ಜಾಡು ಹಿಡಿದು ತಯಾರಿಸಿದ ಈ ಔಷಧಿಯನ್ನು ಫ್ರಾನ್ಸಿನ ವೈದ್ಯ ಝಾಂ ಸ್ಟೆರ್ನ್ 1957ರಲ್ಲಿ ಬಳಕೆಗೆ ತಂದರು. ಒಳ್ಳೆಯ ಮಾತ್ರೆ, ಬೆಲೆಯೂ ಕಡಿಮೆ. ಆದರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ-12 ಜೀವಸತ್ವದ ಕೊರತೆ ಬರಬಹುದು. ಆಗ ಆಯಾಸ, ಕಾಲಲ್ಲಿ ಜೋಮು ಕಾಣುತ್ತವೆ. ಇದನ್ನು ಸಕ್ಕರೆಯ ಮೇಲೆಯೇ ಹೊರಿಸುವುದು ವಾಡಿಕೆ. ಬಿ-12 ಹಾಲು, ಮೊಟ್ಟೆ, ಮಾಂಸಗಳಲ್ಲಿದೆ, ಸೊಪ್ಪು ತರಕಾರಿಯಲ್ಲಿಲ್ಲ. ಇದರ ಪರೀಕ್ಷೆಯ ಬಗ್ಗೆ ವೈದ್ಯರನ್ನು ನೀವೇ ಕೇಳಿ. ರಕ್ತಹೀನತೆ, ಥೈರಾಯ್ಡ್ ದೋಷ, ಮೂತ್ರಪಿಂಡದ ತೊಂದರೆಗಳಿಂದಲೂ ಶಕ್ತಿ ಕುಂದುತ್ತದೆ. ಜೋರಾಗಿ ಗೊರಕೆ ಹೊಡೆಯುವವರಿಗೆ ನಿದ್ರೆಯಲ್ಲಿ ಉಸಿರು ತಡೆಯುವುದರಿಂದ ಹಗಲೆಲ್ಲ ತೂಕಡಿಕೆ. ಸಾಲ, ಬೆಳೆ ನಷ್ಟಗಳ ಚಿಂತೆಯಿಂದ ಮನಸ್ಸು ಕುಗ್ಗಿದರೂ ಮೈ ಏಳುವುದಿಲ್ಲ. ಇದನ್ನು ವೈದ್ಯರಲ್ಲಿ ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಇದ್ದಕ್ಕಿದ್ದಂತೆ ವಿಪರೀತ ಸುಸ್ತು, ಬೆವರು, ಏದುಸಿರು ಬಂದರೆ ಮಾತ್ರ ತಡಮಾಡಬಾರದು. ಈ ಕಾಯಿಲೆಯವರಿಗೆ ಎದೆನೋವಿಲ್ಲದೆಯೂ ಹೃದಯಾಘಾತವಾಗಬಲ್ಲದು.

ಮೂವತ್ತು ವರ್ಷ ದಾಟಿದವರಿಗೆ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆಯ ಏರ್ಪಾಡಿದೆ. ಬರಿಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಕಾಯಿಲೆ ಇದೆಯೆಂದು ತಿಳಿಯಬೇಕು. ಚಿಕಿತ್ಸೆಯಲ್ಲಿರುವವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಿಸತಕ್ಕದ್ದು. ಒಂದನ್ನು ಮುಂಗಾರು ಬಿತ್ತನೆಗೆ ಮುಂಚೆ, ಇನ್ನೊಂದನ್ನು ಸುಗ್ಗಿ ಮುಗಿದ ಮೇಲೆ ಇಟ್ಟುಕೊಂಡರೆ ನೆನಪಿಗೂ ಅನುಕೂಲ. ಬಿತ್ತನೆಗೆ ಮುಂಚಿನ ಭೇಟಿಯಲ್ಲಿ ಮುಂದಿನ ವಾರಗಳ ದುಡಿಮೆ ಎಷ್ಟಿರುತ್ತದೆ ಎಂಬುದನ್ನು ವೈದ್ಯರಿಗೆ ತಿಳಿಸಿ, ಆ ದಿನಗಳಿಗೆ ಔಷಧಿಯ ಪ್ರಮಾಣ ಮತ್ತು ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.