ನಿಮಗಿದು ಗೊತ್ತೆ? ಮುಖ ಕಂಡರೂ ಗುರುತು ಸಿಗದು

ನಾಗಪುರ ಬಳಿಯ ಕೋರಾಡಿಯ ಜಗದಂಬೆ ಬೆಳಿಗ್ಗೆ ಬಾಲೆಯಾಗಿ, ಮಧ್ಯಾಹ್ನ ತರುಣಿಯಾಗಿ, ಸಂಜೆ ವೃದ್ಧೆಯಾಗಿ ಕಾಣುತ್ತಾಳೆ ಎಂಬುದು ಭಕ್ತರ ನಂಬಿಕೆ. ರೂಪ ಬದಲಾದರೂ ‘ಇವಳೇ ಅವಳು’ ಎಂದು ಹಿಡಿಯುವ ಶಕ್ತಿ ಮಾತ್ರ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಆಟಿಸಂ ಇರುವ ಅನೇಕ ವಯಸ್ಕರಿಗೆ, ದಿನವೂ ಪಕ್ಕದಲ್ಲೇ ಕೂರುವ ಸಹೋದ್ಯೋಗಿ ಬಸ್ ನಿಲ್ದಾಣದಲ್ಲಿ ಎದುರಾದರೆ ಯಾರೆಂದೇ ತಿಳಿಯುವುದಿಲ್ಲ.

ಬೌದ್ಧಿಕ ನ್ಯೂನತೆ ಇಲ್ಲದ, ಆಟಿಸಂ ಇರುವ 80 ವಯಸ್ಕರ ಕುರಿತ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಮುಖ ಗುರುತಿಸುವುದು ತೀರಾ ಕಷ್ಟವಾಗಿತ್ತು. ಅಂದರೆ ಇದು ಆಟಿಸಂ ಇರುವ ಎಲ್ಲರ ಲಕ್ಷಣವಲ್ಲ. ಆಟಿಸಂ ಇಲ್ಲದವರಲ್ಲೂ ಈ ತೊಂದರೆ ಉಂಟು. ಖ್ಯಾತ ನರತಜ್ಞ ಆಲಿವರ್ ಸ್ಯಾಕ್ಸ್ ಅವರನ್ನೂ ಅದು ಜೀವನವಿಡೀ ಕಾಡಿತ್ತು.

ಇಲ್ಲಿ ಕಣ್ಣಿನ ದೋಷವೇನಿಲ್ಲ. ಮೂಗು, ಹುಬ್ಬು, ತುಟಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಅವೆಲ್ಲ ಸೇರಿ ‘ಇಂಥವರು’ ಎಂಬ ನೆನಪು ಮೂಡುವುದಿಲ್ಲ, ಅಷ್ಟೇ. ಹಾಗಾಗಿ ದನಿ, ನಡಿಗೆ, ಜಡೆ, ಹೆಗಲ ಚೀಲವೇ ಈ ತೊಂದರೆ ಇರುವವರಿಗೆ ಗುರುತು. ಜಡೆ ಹಾಕುತ್ತಿದ್ದವರು ಕೂದಲು ಕತ್ತರಿಸಿಕೊಂಡು ಬಂದರೆ ಆ ಗುರುತೂ ಹೋಯಿತು. ಕೇಂಬ್ರಿಜ್ ಹೆಸರಿನ ಮುಖ-ನೆನಪಿನ ಪರೀಕ್ಷೆಯಲ್ಲಿ ಕೂದಲು ಕಾಣದ ಫೋಟೊಗಳನ್ನೇ ತೋರಿಸುವುದು ಇದೇ ಕಾರಣಕ್ಕೆ.

ನಮ್ಮ ಊರುಗಳಲ್ಲಿ ‘ಕಂಡರೂ ಮಾತಾಡಿಸಲಿಲ್ಲ, ಎಷ್ಟು ಸೊಕ್ಕು’ ಎಂದುಬಿಡುವುದು ಸುಲಭ. ಆ ಮಾತು ಇಂಥವರನ್ನು ತುಂಬ ನೋಯಿಸುತ್ತದೆ. ಮದುವೆ ಮನೆಯಲ್ಲಿ ಸಿಕ್ಕಾಗ ‘ಯಾರು ಹೇಳು ನೋಡೋಣ’ ಎಂದು ಪರೀಕ್ಷಿಸಬೇಡಿ; ‘ನಾನು ಪಕ್ಕದ ಬೀದಿಯ ಸುಮಾ’ ಎಂದು ನೀವೇ ಹೇಳಿಕೊಳ್ಳಿ.